ಬೆಂಗಳೂರಿಗೆ ಬಂದ ಖಾಸಗಿ ಎಫ್‌ಎಂ ಹಳ್ಳಿಗೆ ಯಾಕೆ ಬರಲಿಲ್ಲ?

ಬೆಂಗಳೂರಿನಿಂದ ಊರಿಗೆ ಬಸ್ಸಿನಲ್ಲಿ ಬರುವಾಗ ಒಂದಷ್ಟು ದೂರ ಎಫ್‌ಎಂ ಹಾಡು ಚೆನ್ನಾಗಿ ಕೇಳುತ್ತದೆ. ಆಮೇಲೆ ಬರೀ ಕರಕರ ಸದ್ದು. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಬಹಳ ದೂರ ಮುಟ್ಟುವುದಿಲ್ಲ. ಆದರೆ ಖಾಸಗಿ ಎಫ್‌ಎಂ ನಗರದಲ್ಲೇ ಉಳಿಯಲು ಇದೊಂದೇ ಕಾರಣವಲ್ಲ.

ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೊ ಸಿಟಿ. ಅದು ಶುರುವಾಗಿದ್ದು ಬೆಂಗಳೂರಿನಲ್ಲಿ, 2001ರ ಜುಲೈ 3ರಂದು. ಅಲ್ಲಿಯವರೆಗೆ ನಮಗೆ ರೇಡಿಯೊ ಎಂದರೆ ಆಕಾಶವಾಣಿ. ವಿವಿಧ ಭಾರತಿಯಲ್ಲಿ 1967ರಿಂದಲೇ ಜಾಹೀರಾತು ಬರುತ್ತಿದ್ದರೂ ಕೇಂದ್ರ ಸರ್ಕಾರದ್ದೇ ಆಗಿತ್ತು. ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ, ಅದರ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಬಾಗಿಲು ತೆರೆಯಿತು, ಆದರೆ ಹರಾಜಿನ ಮೂಲಕ. ಮೊದಲ ಸುತ್ತಿನಲ್ಲಿ 40 ನಗರಗಳ 108 ತರಂಗಗಳಿಗೆ ಬಿಡ್ ಕರೆಯಲಾಯಿತು. ಗಳಿಕೆ ಇರಲಿ, ಇಲ್ಲದಿರಲಿ, ಪರವಾನಗಿ ಶುಲ್ಕ ವರ್ಷಕ್ಕೆ ಶೇ 15ರಷ್ಟು ಏರುತ್ತಿತ್ತು. ಬಿಡ್ ಗೆದ್ದ ಎಷ್ಟೋ ಕಂಪನಿಗಳು ಕೇಂದ್ರ ಆರಂಭಿಸಲೇ ಇಲ್ಲ. 2005ರಲ್ಲಿ ನಿಯಮ ಬದಲಾಯಿತು. ಒಮ್ಮೆ ಪ್ರವೇಶ ಶುಲ್ಕ ಕಟ್ಟಿ, ಆಮೇಲೆ ಆದಾಯದ ಶೇ 4ರ ಲೆಕ್ಕದಲ್ಲಿ ಕೊಡುವ ಪದ್ಧತಿ ಬಂತು. ನಂತರವೇ ಮೈಸೂರು, ಮಂಗಳೂರು, ಕಲಬುರಗಿಗೂ ಖಾಸಗಿ ಎಫ್‌ಎಂ ಬಂದಿದ್ದು.

ಹಳ್ಳಿ ಈ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಹರಾಜು ನಡೆದದ್ದು ನಗರಗಳಿಗೆ. ಕೇಂದ್ರ ನಡೆಯಬೇಕಿದ್ದು ಜಾಹೀರಾತಿನ ದುಡ್ಡಿನಲ್ಲಿ, ಆ ದುಡ್ಡು ಇದ್ದದ್ದೂ ನಗರದಲ್ಲೇ.

ಅದೇ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ‘ನಮ್ಮ ಧ್ವನಿ’ ನಡೆಸುತ್ತಿದ್ದರು. ತರಂಗದ ಪರವಾನಗಿ ಸಿಗುವಂತಿರಲಿಲ್ಲ. ಹಾಗಾಗಿ ಕೇಬಲ್ ಎಳೆದು ತಮ್ಮ ಕಾರ್ಯಕ್ರಮ ಮನೆಗಳಿಗೆ ಮುಟ್ಟಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ಪರವಾನಗಿ ಕೊಡುವ ನೀತಿ ಬಂದಿದ್ದು 2006ರಲ್ಲಿ.

ಇನ್ನೊಂದು ಕಟ್ಟು ಇಂದಿಗೂ ಬಿಚ್ಚಿಲ್ಲ. ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು. ಹವಾಮಾನ, ಪರೀಕ್ಷಾ ಫಲಿತಾಂಶ, ಕರೆಂಟು ನೀರಿನ ಮಾಹಿತಿ ಹೇಳಬಹುದು. ಗ್ರಾಮ ಪಂಚಾಯಿತಿಯಲ್ಲಿ ದುಡ್ಡು ಎಲ್ಲಿ ಹೋಯಿತು ಎಂದು ವರದಿ ಮಾಡುವಂತಿಲ್ಲ. ಅದೇ ವರದಿಯನ್ನು ಪತ್ರಿಕೆ ಬರೆಯಬಹುದು, ಟಿವಿ ತೋರಿಸಬಹುದು.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇನ್ನೂ 234 ಊರುಗಳಲ್ಲಿ 730 ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ರಾಜ್ಯದ ಜಿಲ್ಲಾ ಕೇಂದ್ರಗಳೂ ಆ ಪಟ್ಟಿಯಲ್ಲಿವೆ. ಹಾಡು ನಮ್ಮ ಮೊಬೈಲ್‌ನಲ್ಲಿ ಈಗಾಗಲೇ ಇದೆ. ಜಿಲ್ಲೆಗೊಂದು ಹೊಸ ಕೇಂದ್ರ ಬಂದರೆ ನಮಗೆ ಬೇಕಿರುವುದು ನಮ್ಮ ಜಿಲ್ಲೆಯ ಸುದ್ದಿ. ಸುದ್ದಿಯ ಮೇಲಿನ ಕಟ್ಟು ಸಡಿಲವಾಗುವವರೆಗೆ ಅದು ಆ ಕೇಂದ್ರದಿಂದ ಬರುವುದಿಲ್ಲ.