ಅರಮನೆ, ಗುಡಿ, ಗೇಣಿ ಹೊಲ: ಸಂಡೂರು ಸಂಸ್ಥಾನದ ಮರುನೋಟ

ಹೊಸಪೇಟೆಯ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಸಂಡೂರು ಈಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು ಕೇಂದ್ರ. 1949ರ ಏಪ್ರಿಲ್ 1ರಂದು ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಗುವವರೆಗೆ ಅದು ಒಂದು ಸಂಸ್ಥಾನದ ರಾಜಧಾನಿಯಾಗಿತ್ತು. ವಿಸ್ತೀರ್ಣ ಸುಮಾರು 160 ಚದರ ಮೈಲಿ. 1901ರ ಜನಗಣತಿಯಲ್ಲಿ ಜನಸಂಖ್ಯೆ 11,200. ಸಂಡೂರಿನ ಗಣ್ಯರೆಂದರೆ ಮೊದಲು ನೆನಪಾಗುವುದು ಘೋರ್ಪಡೆ ಮನೆತನ. ಆ ಮನೆತನದ ಕೊಡುಗೆ ದೊಡ್ಡದು, ನಿಜ. ಆದರೆ ಕುಮಾರಸ್ವಾಮಿ ದೇವಸ್ಥಾನದ ಬಾಗಿಲು ಮತ್ತು ಅದರ ಭೂಮಿ, ಈ ಎರಡನ್ನೂ ಜೊತೆಗಿಟ್ಟು ನೋಡದೆ ಊರಿನ ಚರಿತ್ರೆ ಪೂರ್ತಿಯಾಗುವುದಿಲ್ಲ.

ಊರಿನ ಸುತ್ತ ಕೆಂಪು ಅದಿರಿನ ಬೆಟ್ಟಸಾಲು. ನಾರಿಹಳ್ಳ ಅದನ್ನು ಸೀಳಿಕೊಂಡು ಹರಿಯುವಲ್ಲಿ ಭೀಮಗಂಡಿ, ಓಬಳಗಂಡಿ ಎಂಬ ಇಕ್ಕಟ್ಟಾದ ಕಣಿವೆಬಾಗಿಲುಗಳಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1895ರಲ್ಲಿ ಪ್ರಕಟವಾದ ಬಳ್ಳಾರಿ ಜಿಲ್ಲೆಯ ಭೂವೈಜ್ಞಾನಿಕ ವರದಿಗಾಗಿ ಈ ಬೆಟ್ಟಗಳಲ್ಲಿ ಓಡಾಡಿದವರು. ಬೆಟ್ಟದ ಮೇಲಿನ ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಅಂದರೆ ಹಂಪಿಯಲ್ಲಿ ವಿಜಯನಗರ ತಲೆಯೆತ್ತುವ ಶತಮಾನಗಳ ಮೊದಲೇ ಇಲ್ಲಿ ಪೂಜೆ ನಡೆಯುತ್ತಿತ್ತು.

18ನೇ ಶತಮಾನದ ಮೊದಲ ಭಾಗದಲ್ಲಿ ಸಿದ್ದೋಜಿರಾವ್ ಘೋರ್ಪಡೆ ಬೇಡ ಪಾಳೆಯಗಾರರಿಂದ ಸಂಡೂರನ್ನು ಗೆದ್ದುಕೊಂಡ. ಅದೇ ಮನೆತನದ, ಗುತ್ತಿಯ ಮುರಾರಿರಾವ್ 1776ರಲ್ಲಿ ಹೈದರಾಲಿಗೆ ಸೋತಾಗ ಸಂಡೂರೂ ಕೈತಪ್ಪಿತು. ಊರಿನ ಹತ್ತಿರದ ಕೃಷ್ಣಾನಗರದ ಕೋಟೆ ಆ ಹೈದರ್–ಟಿಪ್ಪು ಕಾಲದ್ದು. ಮುಂದೆ ಘೋರ್ಪಡೆಯವರು ಮರಳಿ ಪಡೆದಿದ್ದ ಸಂಡೂರನ್ನು ಮರಾಠ ಪೇಶ್ವೆಯ ಒತ್ತಾಯಕ್ಕೆ 1817ರಲ್ಲಿ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ವಶಪಡಿಸಿಕೊಂಡ. ಪೇಶ್ವೆಯೇ ಪತನಗೊಂಡ ಮೇಲೆ, ಮರುವರ್ಷ, ಅದು ಘೋರ್ಪಡೆಯವರಿಗೆ ಮರಳಿತು.

ಈ ಪುಟ್ಟ ರಾಜ್ಯ ದೇಶದ ಗಮನ ಸೆಳೆದದ್ದು ಯಶವಂತರಾವ್ ಘೋರ್ಪಡೆಯವರ ಕಾಲದಲ್ಲಿ. 1932ರಲ್ಲಿ ಅವರು ಕುಮಾರಸ್ವಾಮಿ ದೇವಸ್ಥಾನವನ್ನು ದಲಿತರ ಪ್ರವೇಶಕ್ಕೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆ ಹೊರಟದ್ದು 1936ರಲ್ಲಿ ಎಂಬುದನ್ನು ನೆನೆದರೆ ಈ ನಿರ್ಧಾರದ ತೂಕ ತಿಳಿಯುತ್ತದೆ. 1934ರಲ್ಲಿ ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ ಸಂಡೂರಿಗೆ ಬಂದರು, ಅರಸರ ಈ ಕೆಲಸವನ್ನು ಮೆಚ್ಚಿದರು. ಆದರೂ ಹೆಂಗಸರು ಕುಮಾರಸ್ವಾಮಿಯ ದರ್ಶನ ಮಾಡಬಾರದೆಂಬ ಸಂಪ್ರದಾಯ ಆಮೇಲೂ ಉಳಿಯಿತು.

ಬಾಗಿಲು ತೆರೆಯಿತು, ಭೂಮಿಯ ಪ್ರಶ್ನೆ ಹಾಗೇ ನಿಂತಿತು. ರಾಜ್ಯ ವಿಲೀನವಾಗಿ ಎರಡು ದಶಕ ಕಳೆದರೂ ದೇವಸ್ಥಾನದ ಹೆಸರಿನ ಇನಾಂ ಜಮೀನನ್ನು ಉಳುತ್ತಿದ್ದ ರೈತರು ಗೇಣಿದಾರರಾಗಿಯೇ ಇದ್ದರು. 1973ರಲ್ಲಿ ಅವರು ಬೀದಿಗಿಳಿದರು. ಸಮಾಜವಾದಿ ನಾಯಕರೂ ಯುವಕರೂ ಹೊರಗಿನಿಂದ ಬಂದು ಸತ್ಯಾಗ್ರಹದಲ್ಲಿ ಸೇರಿ ಬಂಧನಕ್ಕೊಳಗಾದರು. ಅರುಣ್ ಜೋಳದಕೂಡ್ಲಿಗಿ ಅವರ ‘ಸಂಡೂರು ಭೂಹೋರಾಟ’ ಈ ಚಳವಳಿಯನ್ನೇ ಕುರಿತ ಕೃತಿ. ಅರಮನೆಯ ಚರಿತ್ರೆಯನ್ನು ಬಲ್ಲವರು ಅದನ್ನೂ ಓದಲೇಬೇಕು.

ಆ ಹೊತ್ತಿನಲ್ಲಿ ಯಶವಂತರಾವ್ ಅವರ ಮಗ ಎಂ. ವೈ. ಘೋರ್ಪಡೆ ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರು. ಭೂಸುಧಾರಣೆಗೆ ಹೆಸರಾದ ಸರ್ಕಾರದ ಸಚಿವರ ಊರಲ್ಲೇ ಗೇಣಿದಾರರ ಹೋರಾಟ! ಈ ವೈರುಧ್ಯವನ್ನು ಮುಚ್ಚಿಟ್ಟರೆ ಅವರಿಗೂ ನ್ಯಾಯ ಸಲ್ಲದು. ಕೇಂಬ್ರಿಡ್ಜ್‌ನಲ್ಲಿ ಅರ್ಥಶಾಸ್ತ್ರ ಓದಿದ ಅವರು ಮುಂದೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದರು. ಕಪ್ಪು-ಬಿಳುಪಿನ ವನ್ಯಜೀವಿ ಛಾಯಾಗ್ರಹಣಕ್ಕೆ ಜಗತ್ತಿನ ಮನ್ನಣೆ ಪಡೆದರು. 1954ರಲ್ಲಿ ಮನೆತನ ಸ್ಥಾಪಿಸಿದ ಮ್ಯಾಂಗನೀಸ್ ಕಂಪನಿ ಸಂಡೂರಿನ ದುಡಿಮೆಯ ಸ್ವರೂಪವನ್ನೇ ಬದಲಿಸಿತು.

ಗಣ್ಯರ ಪಟ್ಟಿಗೆ ಸೇರಬೇಕಾದ ಇನ್ನೊಂದು ಗುಂಪು ತಾಂಡಾಗಳ ಲಂಬಾಣಿ ಮಹಿಳೆಯರು. ಕೆಂಪು, ನೀಲಿ ಬಟ್ಟೆಯ ಮೇಲೆ ಗಾಜಿನ ಬಿಲ್ಲೆ ಇಟ್ಟು, ಸುತ್ತ ಒತ್ತೊತ್ತಾಗಿ ದಾರ ಎಳೆದು ಕಟ್ಟುತ್ತಾರೆ. ಅಂಚಿಗೆ ಕವಡೆ ಪೋಣಿಸುತ್ತಾರೆ. ಕಿಲನ್, ವೇಲೆ, ಬಕ್ಕ್ಯಾ, ಮಾಕಿ ಎಂದು ಪ್ರತಿ ಹೊಲಿಗೆಗೂ ಹೆಸರಿದೆ. ಈ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ಸೇರಿದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.