ನಡುದಾರಿಯಲ್ಲಿ ಕಾರಿನ ಪೆಟ್ರೋಲ್ ಮುಗಿದರೆ...

ಆಂಧ್ರಕ್ಕಿಂತ ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ದರ ಕಡಿಮೆ. ಹೀಗಾಗಿ ರಾಯದುರ್ಗದವರು ಮೊಳಕಾಲ್ಮೂರಿನಲ್ಲಿ, ಮಡಕಶಿರಾದವರು ಶಿರಾ, ಪಾವಗಡದಲ್ಲಿ ಹಾಕಿಸಿದರಾಯಿತೆಂದು ಟ್ಯಾಂಕ್ ತಳ ಕಾಣುವವರೆಗೂ ಓಡಿಸುವುದುಂಟು. ಬಂಕ್ ತಲುಪುವ ಮೊದಲೇ ಗಾಡಿ ನಿಂತರೆ ಏನು ಮಾಡಬೇಕು?

ಎಂಜಿನ್ ಎಳೆಯದಿದ್ದಾಗ: ಇಂಡಿಕೇಟರ್ ಹಾಕಿ ಎಡಕ್ಕೆ ಸರಿಯಿರಿ. ಎಂಜಿನ್ ನಿಂತರೆ ಬ್ರೇಕ್, ಸ್ಟೀರಿಂಗ್ ಬಿಗಿಯಾಗುತ್ತವೆ. ಹೆಚ್ಚು ಬಲ ಹಾಕಿ. ಗಾಡಿ ಉರುಳುತ್ತಿರುವಾಗ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು.

ನಿಂತ ಮೇಲೆ: ನಾಲ್ಕೂ ಇಂಡಿಕೇಟರ್ ಹಚ್ಚಿ, ಸುಮಾರು 50 ಮೀಟರ್ ಹಿಂದೆ ಕೆಂಪು ತ್ರಿಕೋನ ಇಡಿ. ಮಕ್ಕಳು, ಹಿರಿಯರನ್ನು ಇಳಿಸಿ ರಸ್ತೆಯಿಂದ ದೂರ ಕೂರಿಸಿ.

ನೆರವು: ರಾಷ್ಟ್ರೀಯ ಹೆದ್ದಾರಿಯಾದರೆ 1033, ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಗಡಿಯಲ್ಲಿ ಪಕ್ಕದ ರಾಜ್ಯದ ಟವರ್ ಸಿಗುವುದುಂಟು. ರಾಜ್ಯ, ಮಂಡಲ, ಊರು ಮೊದಲು ಹೇಳಿ.

ಪೆಟ್ರೋಲ್ ತರುವಾಗ: ನೀರಿನ ಬಾಟಲಿ ಬೇಡ, ಬಿಗಿ ಮುಚ್ಚಳದ ಲೋಹದ ಕ್ಯಾನ್ ಒಯ್ಯಿರಿ. ಪೈಪ್ ಹಾಕಿ ಬಾಯಿಂದ ಎಳೆಯಲೇಬೇಡಿ. ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಬೀಡಿ, ಸಿಗರೇಟ್ ದೂರವಿರಲಿ.

ಮತ್ತೆ ಸ್ಟಾರ್ಟ್ ಮಾಡುವಾಗ: ಪೆಟ್ರೋಲ್ ಕಾರಾದರೆ ಕೀ ಆನ್ ಮಾಡಿ, ಕೆಲವು ಸೆಕೆಂಡ್ ಬಿಟ್ಟು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಸೆಲ್ಫ್ ಹೊಡೆಯಿರಿ. ಡೀಸೆಲ್ ಕಾರಿನ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಫಿಲ್ಟರ್ ಬಳಿ ಕೈಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಒಂದೇ ಸಮನೆ 10 ಸೆಕೆಂಡ್‌ಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ಬ್ಯಾಟರಿ ಇಳಿಯುತ್ತದೆ. ಆಗಲೂ ಆಗದಿದ್ದರೆ ಮೆಕ್ಯಾನಿಕ್‌ನನ್ನು ಕರೆಯಿರಿ.

ಮುಳ್ಳು ಕಾಲು ಭಾಗಕ್ಕೆ ಇಳಿದಾಗ ಹತ್ತಿರದ ಬಂಕಿನಲ್ಲೇ ಎರಡು ಲೀಟರ್ ಹಾಕಿಸಿ. ಉಳಿದದ್ದನ್ನು ಗಡಿ ದಾಟಿದ ಮೇಲೆ ತುಂಬಿಸಬಹುದು.