ನಾತ: ಕೆಟ್ಟುಹೋದ ಒಂದು ಪದದ ಚರಿತ್ರೆ

ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ 'ನಾಟ್ರಂ' ಎಂಬ ತಮಿಳು ನುಡಿಯ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ; ಅದು ನಮ್ಮ 'ನಾತ'ದ ಒಡಹುಟ್ಟು. ಇಂದಿನ 'ನಾರು' ಕ್ರಿಯಾಪದವನ್ನು ಹಳಗನ್ನಡದಲ್ಲಿ ಈಗ ಕಣ್ಮರೆಯಾಗಿರುವ ಱಕಾರದಿಂದ 'ನಾಱು' ಎಂದು ಬರೆಯುತ್ತಿದ್ದರು. ಈ ದ್ರಾವಿಡ ಧಾತುವಿನ ಮೂಲಾರ್ಥ ಗಂಧ ಬೀರುವುದು, ಅಷ್ಟೇ. ಒಳಿತು ಕೆಡುಕುಗಳ ತೀರ್ಪು ಅದರಲ್ಲಿರಲಿಲ್ಲ.

ತಿರುಕ್ಕುರಳಿನ 27ನೆಯ ಕುರಳು ಪಂಚೇಂದ್ರಿಯಗಳ ವಿಷಯಗಳನ್ನು ಎಣಿಸುವಾಗ ಗಂಧವನ್ನು ನಾಟ್ರಂ ಎಂದೇ ಕರೆಯುತ್ತದೆ. ಕೃಷ್ಣನ ಅಧರದ ಪರಿಮಳವೆಂಥದೆಂದು ಆಂಡಾಳ್ ಶಂಖವನ್ನು ಕೇಳುವಾಗ ಬಳಸಿದ ಕ್ರಿಯಾಪದವೂ ಇದೇ. ಇಂದಾದರೋ ಕನ್ನಡ, ತಮಿಳು, ಮಲಯಾಳ ಮೂರರ ಆಡುಮಾತಿನಲ್ಲೂ ಅದು ದುರ್ಗಂಧ.

ತೆರವಾದ ಆ ಸ್ಥಾನದಲ್ಲಿ ಈಗ ಸಂಸ್ಕೃತದ 'ವಾಸನೆ' ನಿಂತಿದೆ. ಸುವಾಸನೆ, ದುರ್ವಾಸನೆ ಎಂಬ ಜೋಡಿ ಅದರ ಸಮತೆಗೆ ಸಾಕ್ಷಿ. ಆದರೆ 'ಹಾಲು ವಾಸನೆ ಬರುತ್ತಿದೆ' ಎಂದರೆ ನಾವು ಕೇಸರಿಯನ್ನು ನೆನೆಯುವುದಿಲ್ಲ, ಹಾಲನ್ನು ಚೆಲ್ಲುತ್ತೇವೆ. ಗಂಧ ಕೆಟ್ಟಾಗಲೇ ನಾವು ಅದನ್ನು ಹೆಚ್ಚಾಗಿ ಹೆಸರಿಸುತ್ತೇವೆ. ಕೆಡುಕು ಹೆಸರಿಗೂ ಅಂಟುತ್ತದೆ. ನಾತ ನಡೆದ ದಾರಿಯಲ್ಲೇ ವಾಸನೆಯೂ ಹೊರಟಿದೆ. ಅದೂ ಹೋದರೆ, ಮೂಗು ಅರಿತದ್ದನ್ನು ತೀರ್ಪಿಲ್ಲದೆ ಹೇಳಲು ಮನೆಮಾತಿನಲ್ಲಿ ನಮಗೆ ಉಳಿಯುವ ಪದ ಯಾವುದು?